ಪ್ರಶ್ನಪತ್ರಿಕೆಯ ಕಟ್ಟು ನಡೆದ ದಾರಿ

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ಆದರೆ ಪೂರ್ವದಲ್ಲಿ ಇವು ಒಂದೇ ದೊರೆತನದ ಅಧೀನದಲ್ಲಿರಲಿಲ್ಲವೆಂಬುದು ವಾಚಕರಿಗೆ ವಿದಿತವೇ ಆಗಿದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕೊಳ್ಳೇಗಾಲದ ಸೀಮೆಯು, ಹನೂರೂ ಅದರೊಳಗೇ ಇದ್ದು, ಇಂಗ್ಲಿಷ್ ಕಂಪೆನಿಯವರ ವಶವಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲಿಯೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಹೀಗಾಗಿ ಹತ್ತು ಮೈಲಿಯ ಅಂತರದಲ್ಲಿ ನೆಲೆಸಿ, ಒಂದೇ ಕನ್ನಡವನ್ನಾಡಿ, ಒಂದೇ ಜಾತ್ರೆಗೆ ಹೋಗುತ್ತಿದ್ದ ಇಬ್ಬರು ಬಾಲಕರಲ್ಲಿ ಒಬ್ಬನಿಗೆ ಮದರಾಸಿನವರು ಪ್ರಶ್ನೆ ಹಾಕಿದರೆ ಇನ್ನೊಬ್ಬನಿಗೆ ಮೈಸೂರಿನವರು ಹಾಕುತ್ತಿದ್ದರು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು. 1966ರ ಶಾಸನದಿಂದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯೂ ಏರ್ಪಟ್ಟಿತು. ಪ್ರಭುಗಳು ಬದಲಾದರೂ ಒಂದು ಸಂಗತಿ ಬದಲಾಗಲಿಲ್ಲ. ಪ್ರಶ್ನೆಯು ದೂರದಿಂದ, ಮುದ್ರೆಯೊತ್ತಿದ ಕಟ್ಟಿನಲ್ಲಿ ಬರುವುದು. ಅದನ್ನು ತಂದವರಾರು, ಕಾದವರಾರು ಎಂಬುದು ಮಗುವಿಗೆ ತಿಳಿಯದು. ಆ ಕಟ್ಟಿನ ಮೇಲೆ ಮಗುವಿಗಿರುವ ನಂಬಿಕೆಯೇ ಪರೀಕ್ಷೆಯ ಬಂಡವಾಳ. ಆ ನಂಬಿಕೆಗೆ ಭಂಗ ಬಂದಾಗ ಅಧಿಕಾರವರ್ಗದವರು ವಿಚಾರಣೆಯನ್ನು ಹೇಗೆ ನಡೆಸಿದರೆಂಬುದನ್ನು 2016ನೆಯ ಇಸವಿಯ ರಸಾಯನಶಾಸ್ತ್ರದ ಪ್ರಶ್ನಪತ್ರಿಕೆಯ ಪ್ರಕರಣದಿಂದ ಶೋಧಿಸುವುದು ಈ ಲೇಖನದ ಉದ್ದೇಶ.

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ಅಲ್ಲಿ ಹಿರಿಯರು ಮಿಥಿಲೆಯ ಶಲಾಕಾಪರೀಕ್ಷೆಯ ವೃತ್ತಾಂತವನ್ನು ಹೇಳುತ್ತಿದ್ದರು. ಓಲೆಯ ಕಟ್ಟಿಗೆ ಶಲಾಕೆಯನ್ನು, ಎಂದರೆ ಸೂಜಿಯನ್ನು, ಚುಚ್ಚುವುದು. ಅದರ ಮೊನೆಯು ಎಲ್ಲಿಯವರೆಗೆ ಹೋಯಿತೋ ಆ ಗರಿಯನ್ನು ತೆಗೆದು ವಿದ್ಯಾರ್ಥಿಯು ಅಲ್ಲಿರುವ ವಿಷಯವನ್ನು ವ್ಯಾಖ್ಯಾನಿಸುವುದು. ಸೂಜಿ ಎಲ್ಲಿ ನಿಲ್ಲುವುದೆಂಬುದು ಗುರುವಿಗೂ ತಿಳಿಯದು. ಪ್ರಶ್ನೆ ಹುಟ್ಟುವುದಕ್ಕೂ ಅದನ್ನು ಕೇಳುವುದಕ್ಕೂ ನಡುವೆ ಒಂದು ನಿಮಿಷದ ಬಿಡುವೂ ಇಲ್ಲವಾದುದರಿಂದ ಕದಿಯುವುದಕ್ಕೆ ವಸ್ತುವೇ ಇರಲಿಲ್ಲ. ಹಾಗೆಂದು ಅದನ್ನು ಮರಳಿ ತರಬೇಕೆಂದು ನಾನು ಹೇಳುವವನಲ್ಲ. ಐದಾರು ಮಂದಿ ಶಿಷ್ಯರಿದ್ದಲ್ಲಿ ಅದು ನಡೆದೀತು, ಲಕ್ಷಗಟ್ಟಲೆ ಮಕ್ಕಳಿರುವಲ್ಲಿ ನಡೆಯದು. ಆ ಪಾಠಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ಮರೆಯಲಾಗದು. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಹೊತ್ತು ಎಂಬ ಸಮತೆಯನ್ನು ತಂದುದು ಅಚ್ಚಿನ ಪತ್ರಿಕೆಯೇ. ಆದರೆ ಅಚ್ಚಾದ ಪ್ರಶ್ನೆಯು ಕೇಳುವ ದಿನಕ್ಕೆ ಎಷ್ಟೋ ಮುಂಚೆ ಹುಟ್ಟಿ ಎಷ್ಟೋ ಕೈಗಳನ್ನು ದಾಟಬೇಕಾಗಿದೆ.

ಆ ಕೈಗಳಾವುವು? ಪ್ರಶ್ನೆಗಳನ್ನು ರಚಿಸುವವರು, ಪರಿಶೀಲಿಸುವವರು, ಗುಪ್ತವಾಗಿ ಅಚ್ಚು ಹಾಕುವವರು, ಸಾಗಿಸುವವರು. ಬಳಿಕ ಜಿಲ್ಲಾ ಖಜಾನೆಯವರು, ತಾಲ್ಲೂಕಿನ ಉಪಖಜಾನೆಯವರು. ಪರೀಕ್ಷೆಯ ದಿನ ಬೆಳಿಗ್ಗೆ ಕಟ್ಟನ್ನು ಕೇಂದ್ರಗಳಿಗೆ ಒಯ್ಯುವ ಮಾರ್ಗಾಧಿಕಾರಿಗಳು. ಕೇಂದ್ರದ ಮುಖ್ಯ ಅಧೀಕ್ಷಕರು. ಕೊನೆಯಲ್ಲಿ ಕೊಠಡಿಯ ಮೇಲ್ವಿಚಾರಕರು. ನಾನು ಈ ಸರಪಳಿಯ ಕಡೆಯ ಎರಡು ಕೊಂಡಿಗಳಾಗಿ ಹಲವು ವರ್ಷ ದುಡಿದವನು. ಕಟ್ಟು ಕೈಗೆ ಬಂದೊಡನೆ ಮುದ್ರೆ ನೆಟ್ಟಗಿದೆಯೆಂದು ನೋಡಿ, ಸಾಕ್ಷಿಗಳ ಸಹಿ ಹಾಕಿಸಿ ಒಡೆಯುವುದು ನಮ್ಮ ಕ್ರಮ. ಮುದ್ರೆ ನೆಟ್ಟಗಿದ್ದುದು ನಿಜ. ಅದು ಎಷ್ಟನೆಯ ಸಲ ಒತ್ತಿದ ಮುದ್ರೆಯೆಂದು ಕೇಳುವ ಯೋಚನೆ ನಮಗೆಂದೂ ಬಂದಿರಲಿಲ್ಲ.

ಪ್ರಕೃತ ವಿಷಯಕ್ಕೆ ಬರೋಣ. 2016ರ ಮಾರ್ಚ್ 21ನೆಯ ಸೋಮವಾರ ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದ ಪರೀಕ್ಷೆ ರಾಜ್ಯದಾದ್ಯಂತ ನಡೆಯಿತು. ಬರೆದ ಮಕ್ಕಳು 1,70,000ಕ್ಕೂ ಮಿಕ್ಕವರು. ಪರೀಕ್ಷೆಗೆ ಮುಂಚೆಯೇ ಕೈಬರಹದ ಪ್ರಶ್ನೆಗಳು ವಾಟ್ಸ್ಆಪ್ ಮೂಲಕ ಕೈಯಿಂದ ಕೈಗೆ ಹರಿದಾಡಿದ್ದುವು. ನಿಜವಾದ ಪತ್ರಿಕೆಯೊಡನೆ ಅವು ಹೊಂದಿದುವೆಂದು ಕಂಡುಬಂದುದರಿಂದ ಪರೀಕ್ಷೆಯನ್ನು ರದ್ದುಮಾಡಿ ಮಾರ್ಚ್ 31ಕ್ಕೆ ಮರುಪರೀಕ್ಷೆಯನ್ನು ಗೊತ್ತುಮಾಡಿದರು. ವಿಚಾರಣೆಯು ಅಪರಾಧ ತನಿಖಾ ಇಲಾಖೆಗೆ, ಎಂದರೆ ಸಿ.ಐ.ಡಿ.ಗೆ ಹೋಯಿತು. ಇಷ್ಟಾದ ಮೇಲೆ ಮಾರ್ಚ್ 31ರ ಗುರುವಾರ ನಸುಕಿನಲ್ಲಿ ಎರಡನೆಯ ಪತ್ರಿಕೆಯೂ ಹೊರಗೆ ಬಂದಿತು! ಪರೀಕ್ಷೆ ಆರಂಭವಾಗುವುದಕ್ಕೆ ಕೆಲವೇ ಗಂಟೆಗಳ ಮುಂಚೆ ಅದನ್ನೂ ನಿಲ್ಲಿಸಬೇಕಾಯಿತು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಪದವಿಪೂರ್ವ ಶಿಕ್ಷಣ ಇಲಾಖೆಯ ಕಚೇರಿಯ ಮುಂದೆ ಮಕ್ಕಳೂ ತಂದೆತಾಯಿಗಳೂ ನೆರೆದು ಪ್ರತಿಭಟಿಸಿದರು. ಕೊನೆಗೆ ಏಪ್ರಿಲ್ 12ರ ಮಂಗಳವಾರ ಬಿಗಿಯಾದ ಕಾವಲಿನಲ್ಲಿ ಪರೀಕ್ಷೆ ನಡೆಯಿತು.

ಒಂದೇ ವಿಷಯಕ್ಕೆ ಮೂರು ಸಲ ಸಿದ್ಧವಾಗುವುದೆಂದರೆ ಪಟ್ಟಣದ ಮಗುವಿಗೆ ಬೇಸರ, ನಮ್ಮ ಸೀಮೆಯ ಮಗುವಿಗೆ ಅದರ ಮೇಲೆ ಬಸ್ಸಿನ ವೆಚ್ಚ. ಮಹದೇಶ್ವರನ ಬೆಟ್ಟದ ಕಡೆಯ ಊರುಗಳಿಂದಲೂ ಬಿಳಿಗಿರಿಯ ತಪ್ಪಲಿನಿಂದಲೂ ಬರುವ ಮಕ್ಕಳು ಮೊದಲ ಬಸ್ಸು ತಪ್ಪಿದರೆ ಪರೀಕ್ಷೆಯೇ ತಪ್ಪಿತೆಂದು ಹಿಂದಿನ ರಾತ್ರಿಯೇ ನೆಂಟರ ಮನೆಗೆ ಬಂದು ತಂಗುವುದುಂಟು. ಅವರಿಗೆ ನಸುಕಿನ ಸುದ್ದಿ ಮುಟ್ಟುವುದು ಕೇಂದ್ರದ ಬಾಗಿಲಲ್ಲಿಯೇ. ಮೇಲಾಗಿ ಮೇ 4 ಮತ್ತು 5ರಂದು ಸಾಮಾನ್ಯ ಪ್ರವೇಶಪರೀಕ್ಷೆಯಿತ್ತು; ಇಂಜಿನಿಯರಿಂಗ್ ಶ್ರೇಣಿಗೆ ಪಿ.ಯು. ಅಂಕಗಳೂ ಅರ್ಧಪಾಲು ಸೇರುತ್ತಿದ್ದುವು. ರಸಾಯನಶಾಸ್ತ್ರದ ಒಂದು ಅಂಕವೆಂದರೆ ಆ ಮಕ್ಕಳಿಗೆ ಒಂದು ಕಾಲೇಜಿನ ಅಂತರ.

ಈಗ ಅಧಿಕಾರಿಗಳ ಕ್ರಮವನ್ನು ನೋಡೋಣ. ಎರಡನೆಯ ಸಲ ಪತ್ರಿಕೆ ಹೊರಬಿದ್ದೊಡನೆ ಪದವಿಪೂರ್ವ ಇಲಾಖೆಯ 40 ಮಂದಿ ನೌಕರರನ್ನು ಅಮಾನತಿನಲ್ಲಿಟ್ಟರು; ನಿರ್ದೇಶಕರನ್ನು ವರ್ಗಮಾಡಿದರು. ಆಗ ಶಿಕ್ಷಣ ಸಚಿವರಾಗಿದ್ದವರು ಶ್ರೀ ಕಿಮ್ಮನೆ ರತ್ನಾಕರರು; ಅವರ ರಾಜೀನಾಮೆಗೆ ವಿರೋಧಪಕ್ಷದವರು ಪಟ್ಟುಹಿಡಿದರು. ಇದೆಲ್ಲ ಒಂದು ಧಾರೆ. ಇನ್ನೊಂದು ಧಾರೆ ಸಿ.ಐ.ಡಿ.ಯವರದು. ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಅವರು ಬಂಧಿಸಿದವರಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕರೊಬ್ಬರೂ ಲೋಕೋಪಯೋಗಿ ಇಲಾಖೆಯ ಇಂಜಿನಿಯರೊಬ್ಬರೂ ಸಚಿವರೊಬ್ಬರ ಆಪ್ತ ಸಿಬ್ಬಂದಿಯಲ್ಲಿದ್ದವರೊಬ್ಬರೂ ಇದ್ದರು. ಮುಂದೆ ಹಾವೇರಿ ಜಿಲ್ಲೆಯ ಒಂದು ಉಪಖಜಾನೆಯ ನೌಕರನೊಬ್ಬನ ಬಂಧನವಾಯಿತು. ಪತ್ರಿಕೆ ಹೊರಬಿದ್ದುದು ಖಜಾನೆಯಿಂದಲೆಂದು ತನಿಖೆಯವರು ಹೇಳಿದರು. ಈ ಜಾಲದ ಪ್ರಮುಖನೆಂಬ ಆರೋಪಕ್ಕೆ ಗುರಿಯಾದವನು ಸಿಕ್ಕಿದುದು ಮೇ ತಿಂಗಳಲ್ಲಿ. ಶಿಷ್ಯವರ್ಗವು ಅವನನ್ನು 'ಗುರೂಜಿ' ಎಂದು ಕರೆಯುತ್ತಿದ್ದಿತಂತೆ. ಈ ಶಬ್ದದ ಗತಿಯನ್ನು ಕಂಡು ನಾನು ಆ ದಿನ ವೃತ್ತಪತ್ರಿಕೆಯನ್ನು ಮಡಿಸಿಟ್ಟೆ. ಸಂಘಟಿತ ಅಪರಾಧಗಳ ನಿಯಂತ್ರಣಕ್ಕೆಂದು 2000ದಲ್ಲಿ ಮಾಡಿದ ರಾಜ್ಯ ಶಾಸನವನ್ನು, ಜನರು ಕೋಕಾ ಎನ್ನುವುದನ್ನು, ಈ ಆರೋಪಿಗಳ ಮೇಲೆ ಪ್ರಯೋಗಿಸಿದರು. ದರೋಡೆಕೋರರಿಗಾಗಿ ಹೆಣೆದ ಬಲೆಯು ಪ್ರಶ್ನಪತ್ರಿಕೆಯ ಕಳ್ಳರಿಗೂ ಬೇಕಾಯಿತು.

ಈ ಎರಡು ಧಾರೆಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಭೇದವು ಸ್ಪಷ್ಟವಾಗುತ್ತದೆ. ಮೊದಲನೆಯದು ಪೀಠವನ್ನು ನೋಡಿ ನಡೆಯಿತು. ಎರಡನೆಯದು ಕಟ್ಟಿನ ಹೆಜ್ಜೆಯನ್ನು ನೋಡಿ ನಡೆಯಿತು. ಪರೀಕ್ಷಾ ಕಚೇರಿಯಲ್ಲಿ ಕುಳಿತವರು ಯಾರೋ ಅವರನ್ನೆಲ್ಲ ಹೊರಗಿಡುವುದು ಒಂದು ಬಗೆ. ಕಟ್ಟು ಯಾವ ರಾತ್ರಿ ಯಾವ ಕೋಣೆಯಲ್ಲಿತ್ತು, ಬೀಗದ ಕೈ ಯಾರಲ್ಲಿತ್ತು, ಮೊದಲ ಸಂದೇಶ ಯಾವ ದೂರವಾಣಿಯಿಂದ ಹೊರಟಿತು ಎಂದು ಕೇಳುತ್ತ ಹಿಂದು ಹಿಂದಕ್ಕೆ ಹೋಗುವುದು ಇನ್ನೊಂದು ಬಗೆ. ಪತ್ರಿಕೆ ಬಿದ್ದ ತೂತು ಮಲ್ಲೇಶ್ವರದ ಕಚೇರಿಯಿಂದ ನೂರಾರು ಮೈಲಿ ದೂರದಲ್ಲಿ, ಬೇರೆ ಇಲಾಖೆಯ ಕೋಣೆಯಲ್ಲಿ ಇದ್ದಿತೆಂದು ಎರಡನೆಯ ಬಗೆಯಿಂದಲೇ ತಿಳಿದುದು.

ನ್ಯಾಯಶಾಸ್ತ್ರದ ಮೊದಲ ಪಾಠದಲ್ಲಿಯೇ ಬಾಲಕರಿಗೆ ಇದನ್ನು ಕಲಿಸುತ್ತಾರೆ. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂದು ಊಹಿಸಬಹುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದು ಊಹಿಸಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಪತ್ರಿಕೆಯನ್ನು ಕದ್ದವನಿಗೆ ಕಟ್ಟಿನ ಸಂಪರ್ಕವಿರಲೇಬೇಕು, ಸರಿ. ಕಟ್ಟಿನ ಸಂಪರ್ಕವಿದ್ದವರೆಲ್ಲ ಕದ್ದವರೆಂದರೆ ಅದು ಸವ್ಯಭಿಚಾರವೆಂಬ ಹೇತ್ವಾಭಾಸ. ಅಮಾನತು ಶಿಕ್ಷೆಯಲ್ಲ, ವಿಚಾರಣೆಗೆ ಅಡ್ಡಿಯಾಗದಿರಲೆಂದು ದೂರವಿಡುವುದಷ್ಟೆ ಎಂದು ಕಾನೂನು ಬಲ್ಲವರು ಹೇಳುತ್ತಾರೆ. ಹೌದು. ಆದರೆ ಕೊಳ್ಳೇಗಾಲದ ಕಟ್ಟೆಯ ಮೇಲೆ ಕುಳಿತವರು ಆ ಭೇದವನ್ನು ಬಲ್ಲರೇ? 'ನಲವತ್ತು ಜನ ಸಿಕ್ಕಿಬಿದ್ದರಂತೆ' ಎಂದೇ ಮಾತು ನಡೆಯಿತು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳು ಬೊಕ್ಕಸವನ್ನು ಕದಿಯುವ ಬಗೆಗಳನ್ನು ಎಣಿಸುತ್ತ ನಲವತ್ತೆಂದು ಲೆಕ್ಕ ಕೊಟ್ಟಿದ್ದಾನೆ. ಸಂಖ್ಯೆ ಕಾಕತಾಳೀಯವಾಗಿ ಕೂಡಿಬಂದಿದೆ; ಆದರೆ ಅವನು ಎಣಿಸಿದುದು ಬಗೆಗಳನ್ನು, ಜನರನ್ನಲ್ಲ.

ಸರ್ಕಾರದ ಪಕ್ಷವನ್ನೂ ಹೇಳಬೇಕು. ಹತ್ತು ದಿನಗಳಲ್ಲಿ ಎರಡು ಸಲ ಮನೆಗೆ ಕನ್ನ ಬಿದ್ದಾಗ ಮನೆಯ ಕಾವಲುಗಾರರನ್ನು ಬದಲಾಯಿಸದೆ ಮೂರನೆಯ ರಾತ್ರಿಯನ್ನು ಕಳೆಯುವ ಯಜಮಾನನಿರುವನೇ? ಹೊಸ ಜನರ ಕೈಯಲ್ಲಿ ಹೊಸ ಪತ್ರಿಕೆಯನ್ನು ತಯಾರಿಸಿ ಏಪ್ರಿಲ್ 12ರ ಪರೀಕ್ಷೆಯನ್ನು ಯಾವ ಅಪವಾದಕ್ಕೂ ಎಡೆಯಿಲ್ಲದೆ ಮುಗಿಸಿದುದು ಸಣ್ಣ ಕೆಲಸವಲ್ಲ. ನನ್ನ ಆಕ್ಷೇಪ ಕಾವಲು ಬದಲಾದುದಕ್ಕಲ್ಲ. ಕಾವಲು ಬದಲಾದುದನ್ನೇ ವಿಚಾರಣೆಯೆಂದು ಸಾರಿದುದಕ್ಕೆ.

ರಾಜಕೋಪವೇ ವಿಚಾರಣೆಯಾಗುವುದು ಕನ್ನಡನಾಡಿನ ವಿಶೇಷವೇನೂ ಅಲ್ಲ. ಚೀನಾದೇಶದಲ್ಲಿ ಸಾವಿರಕ್ಕೂ ಮಿಕ್ಕ ವರ್ಷ ಪರೀಕ್ಷೆಯಿಂದ ಅಧಿಕಾರಿಗಳನ್ನು ಆರಿಸುತ್ತಿದ್ದರು. 1858ರಲ್ಲಿ ರಾಜಧಾನಿಯ ಪರೀಕ್ಷೆಯಲ್ಲಿ ಅಕ್ರಮ ನಡೆದುದು ಬಯಲಾಗಿ, ಮುಖ್ಯ ಪರೀಕ್ಷಕನಾಗಿದ್ದ ಬೋ ಜುನ್ ಎಂಬ ಮಹಾಮಂತ್ರಿಗೆ ಮರುವರ್ಷ ಮರಣದಂಡನೆಯಾಯಿತು. ಅವನ ಪತನದಲ್ಲಿ ಆಸ್ಥಾನದ ಪಕ್ಷಗಳ ಕೈವಾಡವೂ ಇದ್ದಿತೆಂದು ಚರಿತ್ರಕಾರರು ಬರೆಯುತ್ತಾರೆ. ತಲೆ ಹೋಯಿತು, ಪರೀಕ್ಷೆಯ ಕಳ್ಳತನ ನಿಲ್ಲಲಿಲ್ಲ.

2016ರ ಪ್ರಕರಣದ ಫಲವಾಗಿ ಕೆಲವು ಒಳ್ಳೆಯ ಏರ್ಪಾಡುಗಳಾದುವು. 2017ರಿಂದ ಸುರಕ್ಷಿತ ಪರೀಕ್ಷಾ ವ್ಯವಸ್ಥೆಯೆಂಬ ಹೊಸ ಕ್ರಮ ಬಂದಿತು. ಖಜಾನೆಯ ಭದ್ರಕೋಣೆಗಳಲ್ಲಿ ಕ್ಯಾಮೆರಾಗಳನ್ನಿಟ್ಟರು. ಅದೇ ವರ್ಷ ರಾಜ್ಯದ ಶಿಕ್ಷಣ ಶಾಸನಕ್ಕೆ ತಿದ್ದುಪಡಿ ತಂದು ಪ್ರಶ್ನಪತ್ರಿಕೆಯ ಅಪರಾಧಗಳಿಗೆ ಶಿಕ್ಷೆಯನ್ನು ಹೆಚ್ಚಿಸಿದರು. ಇವುಗಳಲ್ಲಿ ಕ್ಯಾಮೆರಾ ನನಗೆ ಹೆಚ್ಚು ಮೆಚ್ಚಿಗೆಯಾದುದು. ಶಿಕ್ಷೆಯ ವರ್ಷಗಳನ್ನು ಏರಿಸುವುದು ಸುಲಭ. ಕಟ್ಟು ಇಂಥ ಗಳಿಗೆಯಲ್ಲಿ ಇಂಥವರ ಕೈಯಲ್ಲಿತ್ತೆಂದು ಹೇಳಬಲ್ಲ ಸಾಕ್ಷಿಯನ್ನು ಇಡುವುದು ಕಷ್ಟ. ಅಂತಹ ಸಾಕ್ಷಿಯು ಕಳ್ಳನನ್ನು ಹಿಡಿದುಕೊಡುವಂತೆಯೇ ನಿರಪರಾಧಿಯನ್ನು ಬಿಡಿಸಿಯೂ ಕೊಡುತ್ತದೆ.

ಪೀಠವನ್ನು ನೋಡಿ ತಪ್ಪಿತಸ್ಥರನ್ನು ಆರಿಸಬಾರದೆಂದರೆ, ಚಿಕ್ಕ ನೌಕರನೇ ಯಾವಾಗಲೂ ಕಳ್ಳನೆಂದೂ ತಿಳಿಯಬಾರದು. 2021ರ ಅಕ್ಟೋಬರ್ 3ರಂದು 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಸ್ಥಾನಗಳಿಗೆ ನಡೆದ ಪರೀಕ್ಷೆಯು ಶಾಲೆಯ ಪರೀಕ್ಷೆಯಲ್ಲದಿದ್ದರೂ ಕಲಬುರಗಿಯ ಶಾಲೆಯೊಂದೇ ಅಕ್ರಮದ ಕೇಂದ್ರವಾಗಿ ಕಂಡುಬಂದಿತು. ಮೊದಲು ಅಕ್ರಮವೇ ಇಲ್ಲವೆಂದು ಸದನದಲ್ಲಿ ಉತ್ತರ ಬಂದಿತು. 2022ರ ಏಪ್ರಿಲಿನಲ್ಲಿ ತನಿಖೆ ಸಿ.ಐ.ಡಿ.ಗೆ ಹೋದ ಮೇಲೆ ಜುಲೈ ತಿಂಗಳಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರನ್ನೇ ಬಂಧಿಸಿದರು. ಮರುಪರೀಕ್ಷೆ ನಡೆದುದು 2024ರ ಜನವರಿ 23ರಂದು. ಅಲ್ಲಿಯೂ ದಾರಿ ತೋರಿಸಿದುದು ವಸ್ತುವೇ. ಅಭ್ಯರ್ಥಿಯ ಬಳಿಯ ಉತ್ತರಪತ್ರದ ನಕಲಿನೊಡನೆ ಮೂಲವನ್ನು ಹೋಲಿಸಿದಾಗ ಸತ್ಯದ ಎಳೆ ಸಿಕ್ಕಿತು.

ಇಲ್ಲಿಯವರೆಗೆ ಅಧಿಕಾರಿಗಳ ಮೇಲಿನ ವಿಚಾರಣೆಯನ್ನು ಹೇಳಿದೆ. ಅಧಿಕಾರಿಗಳು ಮಕ್ಕಳ ಮೇಲೆ ನಡೆಸುವ ವಿಚಾರಣೆಯೂ ಉಂಟಷ್ಟೆ. ಅದರ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಪ್ರತಿಯೊಬ್ಬ ಉಪಾಧ್ಯಾಯನೂ ತಿಳಿದಿರತಕ್ಕದ್ದು. 1954ರಲ್ಲಿ ಉತ್ತರಪ್ರದೇಶದ ಇಂಟರ್ಮೀಡಿಯೆಟ್ ಪರೀಕ್ಷೆಯನ್ನು ಬರೆದ ಘನಶ್ಯಾಮದಾಸ ಗುಪ್ತ ಮೊದಲಾದ ವಿದ್ಯಾರ್ಥಿಗಳ ಫಲಿತಾಂಶವನ್ನು, ಅವರು ಅಕ್ರಮವೆಸಗಿದರೆಂದು ಅಲ್ಲಿಯ ಮಂಡಳಿಯು ರದ್ದುಮಾಡಿ, ಮರುವರ್ಷದ ಪರೀಕ್ಷೆಗೂ ಕೂಡದಂತೆ ತಡೆಯಿತು. ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಶಾಸನದಲ್ಲಿ ಕೇಳಬೇಕೆಂದು ಬರೆದಿಲ್ಲವೆಂಬುದು ಮಂಡಳಿಯ ವಾದ. ಒಬ್ಬನ ಬಾಳನ್ನೇ ತಟ್ಟುವ ನಿರ್ಣಯವನ್ನು ಕೈಗೊಳ್ಳುವವರು ನ್ಯಾಯಾಧೀಶರಂತೆ ನಡೆಯಬೇಕು, ಅವನ ಮಾತನ್ನು ಕೇಳಲೇಬೇಕು ಎಂದು ನ್ಯಾಯಾಲಯವು 1962ರಲ್ಲಿ ತೀರ್ಮಾನಿಸಿತು. ಎರಡನೆಯದು ಬಿಹಾರದ್ದು. ಶಹಾಬಾದ್ ಜಿಲ್ಲೆಯ ಹಂಸವಾಡೀಹ ಎಂಬ ಕೇಂದ್ರದಲ್ಲಿ 1969ರಲ್ಲಿ ಬರೆದವರಲ್ಲಿ ತೇರ್ಗಡೆಯಾದವರು ನೂರಕ್ಕೆ 80. ಇತರ ಕೇಂದ್ರಗಳಲ್ಲಿ ಸರಾಸರಿ 50. ಮಂಡಳಿಯು ಕೇಂದ್ರದ ಪರೀಕ್ಷೆಯನ್ನೇ ರದ್ದುಮಾಡಿತು. ಇಲ್ಲಿ ಯಾರೊಬ್ಬನ ಮೇಲೂ ಆರೋಪವನ್ನು ಹೊರಿಸಿಲ್ಲ, ಪರೀಕ್ಷೆಯೇ ಕೆಟ್ಟಿದೆ, ಆದುದರಿಂದ ಒಬ್ಬೊಬ್ಬರನ್ನಾಗಿ ಕೇಳಬೇಕಾಗಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠವು 1970ರಲ್ಲಿ ಹೇಳಿತು. 2016ರಲ್ಲಿ ಇಡೀ ರಾಜ್ಯದ ಪರೀಕ್ಷೆಯನ್ನು ರದ್ದುಮಾಡಿದುದು ಈ ಎರಡನೆಯ ನ್ಯಾಯಕ್ಕೆ ಒಪ್ಪುವಂಥದು. ಹೆಸರು ಹಿಡಿದು ಒಬ್ಬನನ್ನು ದೂರುವ ಗಳಿಗೆಯಲ್ಲಿ ಮೊದಲನೆಯ ನ್ಯಾಯವು ಎದ್ದು ನಿಲ್ಲುತ್ತದೆ.

ಆ ಗಳಿಗೆಯಲ್ಲಿ ನಾನೇ ತಪ್ಪಿದವನು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. 2016ಕ್ಕೆ ಎಷ್ಟೋ ವರ್ಷ ಹಿಂದೆ, ನಮ್ಮ ಸೀಮೆಯ ಒಂದು ಕೇಂದ್ರದಲ್ಲಿ ನಾನು ಕೊಠಡಿಯ ಮೇಲ್ವಿಚಾರಕನಾಗಿದ್ದೆ. ಹತ್ತನೆಯ ತರಗತಿಯ ಪರೀಕ್ಷೆ; ಜಾಗೃತ ದಳದವರು ಬಂದರು. ಕಾಡಂಚಿನ ಹಳ್ಳಿಯಿಂದ ಬಂದ ಹುಡುಗನೊಬ್ಬನ ಬೆಂಚಿನ ಕೆಳಗೆ ಒಂದು ಚೀಟಿ ಸಿಕ್ಕಿತು. ಹುಡುಗನು ಎದ್ದು ನಿಂತನು. ಬಾಯಿ ಒಣಗಿತ್ತು, ಮಾತು ಹೊರಡಲಿಲ್ಲ. ಮೌನವನ್ನು ಒಪ್ಪಿಗೆಯೆಂದು ಬರೆದುಕೊಂಡರು. ನನ್ನ ಸಹಿ ಬೇಕೆಂದರು, ಹಾಕಿದೆ. ಎಲ್ಲವೂ ಹದಿನೈದು ನಿಮಿಷದಲ್ಲಿ ಮುಗಿಯಿತು. ಹುಡುಗನನ್ನು ಹೊರಗೆ ಕಳುಹಿಸಿದರು.

ಆ ಸಂಜೆ ಮನೆಯಲ್ಲಿ ಕುಳಿತಾಗ ಚೀಟಿಯಲ್ಲಿದ್ದುದು ಏನೆಂದು ನೆನಪಿಗೆ ಬಂದಿತು. ಆ ದಿನದ ಪರೀಕ್ಷೆ ಗಣಿತದ್ದು. ಚೀಟಿಯಲ್ಲಿ ನಾನು ಕಣ್ಣಾರೆ ಕಂಡ ಮೊದಲ ಸಾಲು ಒಂದು ಯುದ್ಧದ ಇಸವಿ. ಅದು ಹಿಂದಿನ ಪರೀಕ್ಷೆಯ ದಿನ ಅದೇ ಬೆಂಚಿನಲ್ಲಿ ಕುಳಿತ ಯಾವನೋ ಬಿಸಾಡಿದ ಚರಿತ್ರೆಯ ಚೀಟಿ. ಬರಹವನ್ನು ಹೋಲಿಸುವುದಿರಲಿ, ವಿಷಯವನ್ನಾದರೂ ಓದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾವು ಆರು ಮಂದಿ ದೊಡ್ಡವರಿದ್ದೆವು, ಒಬ್ಬರೂ ಓದಲಿಲ್ಲ.

ಮರುದಿನ ಬೆಳಿಗ್ಗೆ ಮೇಲಿನವರಲ್ಲಿಗೆ ಹೋಗಿ ಹೇಳಿದೆ.

"ಕಾಗದ ಹೋಗಿಬಿಟ್ಟಿತಲ್ಲ ಮೇಷ್ಟ್ರೇ, ಸಹಿಯೂ ತಮ್ಮದೇ ಇದೆ" ಎಂದರು.

ನಡೆದುದನ್ನೆಲ್ಲ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಚೀಟಿಯನ್ನೂ ಅವನ ಉತ್ತರಪತ್ರಿಕೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು, ಹುಡುಗನನ್ನು ಕರೆಸಿ ಕೇಳಬೇಕೆಂದು ಬೇಡಿಕೊಂಡೆ. ಹಳ್ಳಿಗೂ ಹೋದೆ. ಅವನ ತಂದೆ ಹೊಲದಲ್ಲಿದ್ದರು. "ಅವ್ನು ಮಾಡ್ನಿಲ್ಲ ಅಂತ ನಂಗೊತ್ತು ಸೋಮಿ" ಎಂದರು, ಮಜ್ಜಿಗೆ ಕೊಟ್ಟರು. ಹುಡುಗನು ಆಗಲೇ ಕೆಲಸ ಹುಡುಕಿಕೊಂಡು ಪರಸ್ಥಳಕ್ಕೆ ಹೋಗಿದ್ದನು. ನನ್ನ ಕಾಗದಕ್ಕೆ ಉತ್ತರ ಬಂದುದು ಮರುವರ್ಷ, ಪರೀಕ್ಷೆಯ ಕೊಠಡಿಗಳ ಪಟ್ಟಿ ಬಂದ ಅಂಚೆಯಲ್ಲಿಯೇ: ಸದರಿ ಪ್ರಕರಣವು ಮುಕ್ತಾಯಗೊಂಡಿದೆ ಎಂದು ಒಂದು ಸಾಲು.